ದುಃಖಕ್ಕೆ ಹೆದರಿದ ನಗೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹಗಲು ಹೊತ್ತಿನಲ್ಲಿ ಅಂಗಿರಸ, ಅಂಗರಸ, ಔಚಿತ್ಯ, ರಸಭಂಗ ಮೊದಲಾದ ಮಾತುಗಳನ್ನು ಪರೀಕ್ಷೆಗೆಂದು ಕಂಠಪಾಠ ಮಾಡುತ್ತಾರೆ. ರಾತ್ರಿ ಮೊಬೈಲಿನಲ್ಲಿ ಹಾಲಿವುಡ್ಡಿನ ಮಹಾವೀರರ ಚಿತ್ರಗಳನ್ನು, ನಮ್ಮ ಸೊಲ್ಲಾಪುರದ ಕಡೆ ಬಹುಮಟ್ಟಿಗೆ ಹಿಂದಿ ಡಬ್ಬಿಂಗಿನಲ್ಲಿ, ನೋಡುತ್ತಾರೆ. ಮೊದಲನೆಯದು ಪಠ್ಯ, ಎರಡನೆಯದು ಮನರಂಜನೆ, ಒಂದಕ್ಕೊಂದು ಸಂಬಂಧವಿಲ್ಲ ಎಂಬುದು ಅವರ ಎಣಿಕೆ. ಈ ಎಣಿಕೆ ಸರಿಯಲ್ಲವೆಂದು ತೋರಿಸಲು 2022ರ ಜುಲೈನಲ್ಲಿ ತೆರೆಕಂಡ ‘ಥಾರ್: ಲವ್ ಅಂಡ್ ಥಂಡರ್’ ಚಿತ್ರವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕಾವ್ಯಮೀಮಾಂಸಕರು ರಸದೋಷವೆಂದು ಕರೆದದ್ದು ಏನೆಂಬುದನ್ನು ಇಷ್ಟು ದುಡ್ಡು ಸುರಿದು, ಇಷ್ಟು ದೊಡ್ಡ ಪರದೆಯ ಮೇಲೆ ತೋರಿಸಿಕೊಟ್ಟ ಉದಾಹರಣೆ ಬೇರೊಂದು ಸಿಕ್ಕುವುದು ಕಷ್ಟ.

ಈ ಚಿತ್ರದಲ್ಲಿ ಹಾಸ್ಯ ಅತಿಯಾಯಿತು ಎಂಬ ದೂರು ಬಿಡುಗಡೆಯಾದ ವಾರದಿಂದಲೇ ಕೇಳಿಬಂದಿತು. ನನ್ನ ತಕರಾರು ಸ್ವಲ್ಪ ಬೇರೆ. ಹಾಸ್ಯಕ್ಕೆ ಅಳತೆಗೋಲು ಹಿಡಿದು ಇಷ್ಟಿರಬೇಕು, ಇಷ್ಟಿರಬಾರದು ಎಂದು ಹೇಳಲು ಬರುವುದಿಲ್ಲ. ಆ ನಗೆ ಯಾವ ಕೆಲಸಕ್ಕೆ ನೇಮಕವಾಗಿದೆ ಎಂಬುದನ್ನು ನೋಡಬೇಕು. ಈ ಚಿತ್ರದಲ್ಲಿ ನಗೆಗೆ ಇರುವ ಕೆಲಸ ಒಂದೇ: ಪ್ರೇಕ್ಷಕನಿಗೆ ನೋವು ತಟ್ಟುವ ಮುನ್ನ ಅವನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುವುದು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಉತ್ತರ ಯೂರೋಪಿನ ಪುರಾಣಗಳ ಗುಡುಗಿನ ದೇವರಾದ ಥಾರ್, 1962ರಲ್ಲಿ ಮಾರ್ವೆಲ್ ಕಾಮಿಕ್ಸಿನ ನಾಯಕನಾದ. 2011 ಮತ್ತು 2013ರಲ್ಲಿ ಬಂದ ಅವನ ಮೊದಲೆರಡು ಚಿತ್ರಗಳು ಗಂಭೀರವಾಗಿದ್ದವು, ಕೊಂಚ ಬಿಗಿಯಾಗಿಯೂ ಇದ್ದವು. ಮೂರನೆಯ ಚಿತ್ರ ‘ಥಾರ್: ರಾಗ್ನರಾಕ್’ (2017) ನ್ಯೂಜಿಲೆಂಡಿನ ನಿರ್ದೇಶಕ ಟೈಕಾ ವೈಟೀಟಿ ಅವರ ಕೈಗೆ ಬಂದಾಗ ಎಲ್ಲವೂ ಸಡಿಲಗೊಂಡಿತು. ನಾಯಕ ಎಡವಿದ, ಪೆಚ್ಚಾದ, ಕೂದಲು ಕತ್ತರಿಸಿಕೊಂಡ. ಜನ ಮನಸಾರೆ ನಕ್ಕರು. ಅದೇ ನಿರ್ದೇಶಕ, ಅದೇ ನಟ ಕ್ರಿಸ್ ಹೆಮ್ಸ್‌ವರ್ತ್ ಮತ್ತೆ ಕೂಡಿ ಮಾಡಿದ ನಾಲ್ಕನೆಯ ಚಿತ್ರವೇ ‘ಲವ್ ಅಂಡ್ ಥಂಡರ್’. ‘ರಾಗ್ನರಾಕ್’ ಲೋಕದಾದ್ಯಂತ ಸುಮಾರು 85 ಕೋಟಿ ಡಾಲರ್ ಗಳಿಸಿದರೆ ಇದು ಸುಮಾರು 76 ಕೋಟಿ ಗಳಿಸಿತು. ಹಣದ ಲೆಕ್ಕದಲ್ಲಿ ಸೋಲಲ್ಲ. ಆದರೆ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕರ ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಹಿಂದಿನ ಚಿತ್ರಕ್ಕೆ ‘ಎ’ ಶ್ರೇಣಿ ಸಿಕ್ಕಿದ್ದರೆ ಇದಕ್ಕೆ ಸಿಕ್ಕದ್ದು ‘ಬಿ ಪ್ಲಸ್’. ತಾನು ಸ್ಥಳಸ್ಫೂರ್ತಿಯ ಹಾಸ್ಯದಲ್ಲಿ ಕೊಚ್ಚಿಹೋಗಿ ತನ್ನದೇ ಅಣಕವಾದೆನೆಂದು ನಾಯಕನಟನೇ 2024ರ ಒಂದು ಸಂದರ್ಶನದಲ್ಲಿ ಹೇಳಿಕೊಂಡರು.

‘ರಾಗ್ನರಾಕ್’ನ ನಗೆ ಏಕೆ ಫಲಿಸಿತು ಎಂಬುದನ್ನು ಮೊದಲು ವಿಚಾರಿಸೋಣ. ಆ ಚಿತ್ರದಲ್ಲಿ ಥಾರ್ ಕಳೆದುಕೊಳ್ಳುವುದರ ಪಟ್ಟಿ ದೊಡ್ಡದು. ತಂದೆ ಸಾಯುತ್ತಾನೆ, ಸುತ್ತಿಗೆ ಪುಡಿಯಾಗುತ್ತದೆ, ಒಂದು ಕಣ್ಣು ಹೋಗುತ್ತದೆ, ಕೊನೆಗೆ ತನ್ನ ನಾಡನ್ನೇ ಸುಡಲು ಅವನು ಒಪ್ಪಬೇಕಾಗುತ್ತದೆ. ಇಷ್ಟು ಕಳೆದುಕೊಂಡವನು ನಗಿಸಿದರೆ ಆ ನಗೆಗೆ ತೂಕ ಬರುತ್ತದೆ. ಹಾಗಿದ್ದೂ ದೋಷದ ಬೀಜ ಆ ಚಿತ್ರದಲ್ಲಿಯೇ ಇತ್ತು. ನಾಡು ಸ್ಫೋಟಗೊಳ್ಳುವ ಕ್ಷಣದಲ್ಲಿ, ನಿರಾಶ್ರಿತರಾದ ಜನ ಕಿಟಕಿಯಿಂದ ನೋಡುತ್ತಿರುವಾಗ, ಕಲ್ಲಿನ ಮೈಯ ಕೋರ್ಗ್ ಎಂಬ ಪಾತ್ರ ಒಂದು ಚಟಾಕಿ ಹಾರಿಸುತ್ತದೆ. ಮುಂದಿನ ಚಿತ್ರದಲ್ಲಿ ಅದೇ ಕೋರ್ಗ್ ಕಥೆ ಹೇಳುವ ಸೂತ್ರಧಾರನಾಗುತ್ತಾನೆ. ಹಿಂದಿನ ಚಿತ್ರದ ತಂದೆಯ ಸಾವನ್ನು ಪ್ರವಾಸಿಗರ ಮುಂದೆ ನಾಟಕದ ಮಂಡಳಿಯೊಂದು ನಗೆಯಾಟವಾಗಿ ಆಡಿ ತೋರಿಸುತ್ತದೆ. ಒಮ್ಮೆ ಅತ್ತದ್ದನ್ನು ಹೀಗೆ ಗೇಲಿಗೆ ಈಡುಮಾಡಿದ ಮೇಲೆ ಮತ್ತೊಮ್ಮೆ ಅಳಿಸುವ ಅಧಿಕಾರ ಆ ಚಿತ್ರಕ್ಕೆ ಉಳಿಯುವುದು ಹೇಗೆ?

ವಿಷಾದವೆಂದರೆ, ಈ ಚಿತ್ರದ ಕಥೆಯ ಬೇರು ತೀರ ಗಂಭೀರವಾದದ್ದು. ಮೊದಲ ದೃಶ್ಯದಲ್ಲಿ ಬಿಳಿಚಿಕೊಂಡ ಬಯಲಿನಲ್ಲಿ ಗೋರ್ ಎಂಬ ಭಕ್ತ ತನ್ನ ಮಗಳನ್ನು ಎತ್ತಿಕೊಂಡು ನಡೆಯುತ್ತಾನೆ. ನೀರಿಲ್ಲ. ದೇವರನ್ನು ಬೇಡುತ್ತಾನೆ. ಮಗಳು ಸಾಯುತ್ತಾಳೆ. ಅನಂತರ ಹಣ್ಣು ನೀರು ತುಂಬಿದ ಒಂದು ತೋಪಿನಲ್ಲಿ ಅವನಿಗೆ ತನ್ನ ದೇವರೇ ಸಿಗುತ್ತಾನೆ, ಮತ್ತು ಅವನ ದುಃಖವನ್ನು ಕೇಳಿ ನಗುತ್ತಾನೆ. ಗೋರ್ ಆ ದೇವರನ್ನು ಕೊಲ್ಲುತ್ತಾನೆ. ಎಲ್ಲ ದೇವರುಗಳನ್ನೂ ಕೊಲ್ಲುವ ಪಣ ತೊಡುತ್ತಾನೆ. ಕ್ರಿಶ್ಚಿಯನ್ ಬೇಲ್ ಈ ಪಾತ್ರವನ್ನು ಅಭಿನಯಿಸಿರುವ ರೀತಿಯನ್ನು ಮರೆಯುವಂತಿಲ್ಲ.

ಈ ದೃಶ್ಯವನ್ನು ನಮ್ಮ ಜಿಲ್ಲೆಯ ಪ್ರೇಕ್ಷಕ ಬರಿಯ ಕಟ್ಟುಕಥೆಯೆಂದು ನೋಡಲಾರ. 1972ರ ಬರದ ಮಾತು ಇಂದಿಗೂ ಇಲ್ಲಿನ ಮನೆಗಳಲ್ಲಿ ಬರುತ್ತದೆ. ಅಷ್ಟೇ ಅಲ್ಲ, ದೇವರನ್ನು ಹುಡುಕಿ ಹೋಗಿ ಕಾಣದೆ ಕಂಗೆಟ್ಟವನ ಕಥೆ ನಮ್ಮ ಊರಿನ ಮೂಲಕಥೆಯೇ ಆಗಿದೆ. ಸೊನ್ನಲಿಗೆಯ ಸಿದ್ಧರಾಮನ ಚರಿತೆಯನ್ನು ರಾಘವಾಂಕ ಬರೆದಿದ್ದಾನೆ. ಹೊಲದಲ್ಲಿ ಬಂದು ಉಣ್ಣಲು ಕೇಳಿದ ಮಲ್ಲಯ್ಯನಿಗಾಗಿ ಹುಡುಗ ಮನೆಗೆ ಓಡಿ ಮೊಸರನ್ನ ತಂದರೆ ಅಲ್ಲಿ ಮಲ್ಲಯ್ಯನಿಲ್ಲ. ಅಳುತ್ತಾ ಶ್ರೀಶೈಲದವರೆಗೆ ಹೋದ ಹುಡುಗ, ಕೂಗಿದರೂ ಓಗೊಡದ ದೇವರಿಗಾಗಿ ಕಮರಿಗೆ ಹಾರಲು ನಿಂತಾಗ ಮಲ್ಲಯ್ಯ ಕೈಹಿಡಿದು ತಡೆಯುತ್ತಾನೆ. ಆ ಹುಡುಗ ಮರಳಿ ಬಂದು ಕೆರೆ ಕಟ್ಟಿಸುತ್ತಾನೆ. ಗೋರ್‌ನ ಕಥೆಯೂ ಸಿದ್ಧರಾಮನ ಕಥೆಯೂ ಹೊರಡುವುದು ಒಂದೇ ಪ್ರಶ್ನೆಯಿಂದ: ಕರೆದವನಿಗೆ ದೇವರು ಓಗೊಡಬೇಕೇ, ಬೇಡವೇ? ಒಬ್ಬನಿಗೆ ದೇವರು ಕೈಕೊಟ್ಟ, ಇನ್ನೊಬ್ಬನನ್ನು ನೋಡಿ ನಕ್ಕ. ಒಬ್ಬನಿಂದ ಕೆರೆ ಆಯಿತು, ಇನ್ನೊಬ್ಬನಿಂದ ಕೊಲೆಯಾಯಿತು. ಇಂಥ ಪ್ರಶ್ನೆಯನ್ನು ಕೈಗೆತ್ತಿಕೊಂಡ ಚಿತ್ರ ಅದನ್ನು ಏನು ಮಾಡಿತು ಎಂಬುದೇ ಇಲ್ಲಿನ ವಿಚಾರ.

ಗೋರ್‌ನ ಆಪಾದನೆಗೆ ಉತ್ತರ ಹೇಳಬೇಕಾದವನು ಥಾರ್. ಅವನೂ ದೇವರೇ ತಾನೆ? ಅವನು ನೆರವು ಬೇಡಿ ಎಲ್ಲ ದೇವರುಗಳ ನಗರಕ್ಕೆ ಹೋಗುತ್ತಾನೆ. ಅಲ್ಲಿ ರಸೆಲ್ ಕ್ರೋ ಅಭಿನಯಿಸಿದ ಝ್ಯೂಸ್ ಮೋಜಿನ ಕೂಟದ ಮಾತಿನಲ್ಲಿ ಮುಳುಗಿದ್ದಾನೆ. ಕೊಲೆಯಾಗುತ್ತಿರುವವರ ಬಗ್ಗೆ ಅವನಿಗೆ ಚಿಂತೆಯಿಲ್ಲ. ಅಂದರೆ ಗೋರ್ ಹೇಳಿದ್ದು ನಿಜ. ದೇವರುಗಳಿಗೆ ಭಕ್ತರ ಪರಿವೆಯಿಲ್ಲ. ಚಿತ್ರದ ತಿರುಳು ಬಯಲಾಗಬೇಕಾದ ಜಾಗ ಇದು. ಆದರೆ ಆ ದೃಶ್ಯ ಪೂರ್ತಿ ವಿಚಿತ್ರ ಉಚ್ಚಾರಣೆಯ ಮೇಲೆ, ಥಾರ್‌ನ ಬಟ್ಟೆ ಹಾರಿಹೋಗುವ ಪ್ರಸಂಗದ ಮೇಲೆ ನಿಂತಿದೆ. ನಾವು ನಗುತ್ತೇವೆ, ದೃಶ್ಯ ಮುಗಿಯುತ್ತದೆ, ಪ್ರಶ್ನೆ ಅಲ್ಲಿಯೇ ಬಿದ್ದಿರುತ್ತದೆ. ಮುಂದೆ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ‘ದೇವಹಂತಕ’ನೆಂದು ಹೆಸರಾದ ಗೋರ್ ನಮ್ಮ ಕಣ್ಣೆದುರು ಕೊಲ್ಲುವುದು ಆ ಮೊದಲ ದೇವರೊಬ್ಬನನ್ನೇ. ಉಳಿದದ್ದಕ್ಕೆ ಬಿಡುವು ಸಾಲದು. ಅಷ್ಟರಲ್ಲಿ ಕಿರುಚುವ ಆಡುಗಳು ಬರಬೇಕಾಗಿದೆ.

ಜೇನ್ ಫಾಸ್ಟರಳ ಗತಿಯೂ ಇದೇ. ನಟಾಲಿ ಪೋರ್ಟ್‌ಮನ್ ಅಭಿನಯಿಸಿದ ಈ ವಿಜ್ಞಾನಿಗೆ ನಾಲ್ಕನೆಯ ಹಂತದ ಕ್ಯಾನ್ಸರ್. ಥಾರ್‌ನ ಹಳೆಯ ಸುತ್ತಿಗೆ ಅವಳನ್ನು ಒಪ್ಪಿಕೊಂಡು ಅವಳಿಗೆ ದೇವರ ಬಲ ಕೊಡುತ್ತದೆ. ಆದರೆ ಸುತ್ತಿಗೆ ಹಿಡಿದಷ್ಟೂ ರೋಗದೊಡನೆ ಹೋರಾಡುವ ಅವಳ ಸಹಜ ಶಕ್ತಿ ಕುಂದುತ್ತದೆ. ಹಿಡಿದರೆ ಸಾವು, ಬಿಟ್ಟರೂ ಸಾವು. ನಮ್ಮ ಹಳೆಯ ಕಾವ್ಯಗಳ ಕವಿಗೆ ಇಂಥ ಇಕ್ಕಟ್ಟು ಸಿಕ್ಕಿದ್ದರೆ ಒಂದು ಆಶ್ವಾಸವನ್ನೇ ಬರೆಯುತ್ತಿದ್ದ. ಚಿತ್ರದಲ್ಲಿ ಅವಳ ಕಾಯಿಲೆಯ ಸುದ್ದಿಯ ಆಚೆಈಚೆ ಅವಳು ತನಗೊಂದು ಘೋಷವಾಕ್ಯ ಹುಡುಕುವ ತಮಾಷೆಯೂ, ಥಾರ್‌ನ ಕೊಡಲಿಗೆ ಹಳೆಯ ಸುತ್ತಿಗೆಯ ಮೇಲೆ ಸವತಿಮತ್ಸರ ಹುಟ್ಟುವ ತಮಾಷೆಯೂ ತುಂಬಿವೆ. ಕೊನೆಗೆ ಅವಳು ಸಾಯುತ್ತಾಳೆ. ಆ ಸಾವಿನ ಭಾರವೂ ನಮ್ಮ ಮೇಲೆ ಬಹಳ ಹೊತ್ತು ಇರಬಾರದೆಂಬಂತೆ, ಹೆಸರುಗಳ ಪಟ್ಟಿ ಮುಗಿದ ಮೇಲೆ ಅವಳನ್ನು ವೀರಸ್ವರ್ಗದ ಬಾಗಿಲಲ್ಲಿ ನಗುಮುಖದಿಂದ ಬರಮಾಡಿಕೊಳ್ಳಲಾಗುತ್ತದೆ.

ಇನ್ನು ಪಠ್ಯಕ್ಕೆ ಬರೋಣ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದ ಏಳನೆಯ ಉಲ್ಲಾಸದಲ್ಲಿ ರಸದೋಷಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ಸಲ್ಲದ ಜಾಗದಲ್ಲಿ ರಸವನ್ನು ಕಡಿದುಹಾಕುವುದು. ಭವಭೂತಿಯ ‘ಮಹಾವೀರಚರಿತ’ದಲ್ಲಿ ರಾಮ ಪರಶುರಾಮರ ನಡುವೆ ವೀರರಸ ತುಂಬಿ ಹರಿಯುತ್ತಿರುವಾಗ, ರಾಮ ಕಂಕಣ ಬಿಚ್ಚುವ ಶಾಸ್ತ್ರಕ್ಕೆ ಹೊರಟುನಿಲ್ಲುವುದನ್ನು ಅವನು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಇನ್ನೊಂದು, ಅಂಗವಾಗಿರಬೇಕಾದದ್ದನ್ನು ಅತಿಯಾಗಿ ಹಿಗ್ಗಿಸುವುದು. ಮತ್ತೊಂದು, ಪ್ರಧಾನವಾದದ್ದನ್ನೇ ಮರೆತುಬಿಡುವುದು. ಈ ಮೂರನ್ನೂ ಪ್ರತ್ಯೇಕವಾಗಿ ಕಂಠಪಾಠ ಮಾಡಿದವರು ಚಿತ್ರವನ್ನು ನೋಡಿದರೆ ಮೂರೂ ಒಂದೇ ರೋಗದ ಲಕ್ಷಣಗಳೆಂದು ತಿಳಿಯುತ್ತದೆ. ಗೋರ್‌ನ ಮತ್ತು ಜೇನಳ ಕಥೆಗಳಿಂದ ಕರುಣವೇ ಇಲ್ಲಿ ಅಂಗಿರಸ. ಹಾಸ್ಯ ಅದರ ಅಂಗವಾಗಿ ಬರಬೇಕಿತ್ತು. ಅಂಗ ಹಿಗ್ಗಿತು, ಅಂಗಿ ಮರೆತುಹೋಯಿತು, ಎಲ್ಲೆಲ್ಲಿ ಕರುಣ ತಲೆಯೆತ್ತಿತೋ ಅಲ್ಲಲ್ಲಿ ಕಡಿತ ಬಿತ್ತು.

ಥಾರ್‌ನ ಮೂಲಕಥೆಗಳಲ್ಲಿ ಹಾಸ್ಯವೇ ಇಲ್ಲವೆಂದು ಯಾರೂ ತಿಳಿಯಬಾರದು. ಐಸ್‌ಲ್ಯಾಂಡಿನಲ್ಲಿ ಉಳಿದುಬಂದ ಎಡ್ಡಾ ಕಾವ್ಯಗಳಲ್ಲಿ ಒಂದು ಕಥೆಯಿದೆ. ದೈತ್ಯನೊಬ್ಬ ಸುತ್ತಿಗೆ ಕದ್ದು, ಮದುವೆಗೆ ದೇವಕನ್ಯೆ ಫ್ರೇಯಾ ಬೇಕೆನ್ನುತ್ತಾನೆ. ಥಾರ್ ತಾನೇ ಮದುವಣಗಿತ್ತಿಯ ವೇಷ ತೊಟ್ಟು, ಮುಸುಕು ಹಾಕಿಕೊಂಡು ಹೋಗಿ ಕೂರುತ್ತಾನೆ. ಹಸೆಯ ಮೇಲಿನ ಹೆಣ್ಣು ಒಂದು ಇಡೀ ಎತ್ತನ್ನೂ ಎಂಟು ಸಾಲ್ಮನ್ ಮೀನುಗಳನ್ನೂ ತಿಂದುಮುಗಿಸಿದ್ದನ್ನು ಕಂಡು ವರಮಹಾಶಯ ಬೆರಗಾಗುತ್ತಾನೆ. ಇದಕ್ಕಿಂತ ಬಿಚ್ಚುನಗೆ ಬೇಕೆ? ಆದರೆ ಸುತ್ತಿಗೆ ಮರಳಿ ಬರದಿದ್ದರೆ ದೇವಲೋಕ ದೈತ್ಯರ ಪಾಲಾಗುತ್ತದೆಂಬ ಭಯ ಆ ನಗೆಯ ಕೆಳಗೆ ಕೊನೆಯವರೆಗೂ ಇದೆ. ಥಾರ್‌ನ ಗಾಡಿ ಎಳೆಯುವ ಆಡುಗಳಿಗೂ ಅಲ್ಲಿ ಕಥೆಯಿದೆ. ಬಡ ರೈತನ ಮನೆಯಲ್ಲಿ ತಂಗಿದ ಥಾರ್ ಅವನ್ನೇ ಕಡಿದು ಬೇಯಿಸಿ ಮನೆಯವರಿಗೆಲ್ಲ ಉಣಬಡಿಸುತ್ತಾನೆ. ಮೂಳೆಗಳನ್ನು ಮಾತ್ರ ಮುರಿಯಬಾರದು ಎನ್ನುತ್ತಾನೆ. ರೈತನ ಮಗ ನೆಣದ ಆಸೆಗೆ ತೊಡೆಯ ಮೂಳೆ ಸೀಳುತ್ತಾನೆ. ಬೆಳಗ್ಗೆ ಥಾರ್ ಆಡುಗಳನ್ನು ಬದುಕಿಸಿದಾಗ ಒಂದು ಕುಂಟುತ್ತದೆ. ಆ ತಪ್ಪಿಗೆ ಪರಿಹಾರವಾಗಿ ರೈತ ಮಗನನ್ನೂ ಮಗಳನ್ನೂ ಥಾರ್‌ನ ಸೇವೆಗೆ ಒಪ್ಪಿಸಬೇಕಾಗುತ್ತದೆ. ಹಸಿವು, ಆತಿಥ್ಯ, ಆಸೆ, ದಂಡ ಎಲ್ಲವೂ ಆ ಎರಡು ಆಡುಗಳ ಸುತ್ತ ಇವೆ. ಅಂತರ್ಜಾಲದಲ್ಲಿ ಹರಿದಾಡಿದ ಒಂದು ನಗೆಯ ತುಣುಕಿನಿಂದ ಪ್ರೇರಣೆ ಪಡೆದ ಚಿತ್ರದ ಆಡುಗಳು ಬಂದಾಗಲೆಲ್ಲ ಕಿರುಚುತ್ತವೆ. ಮೊದಲ ಸಲ ನಗೆ ಬರುತ್ತದೆ.

ನಗೆ ಹೇಗೆ ದುಡಿಯಬೇಕೆಂಬುದಕ್ಕೆ ಕುಮಾರವ್ಯಾಸನ ವಿರಾಟಪರ್ವ ನಿಮ್ಮ ಕೈಯಲ್ಲಿಯೇ ಇದೆ. ಹೆಂಗಳೆಯರ ನಡುವೆ ಕೊಚ್ಚಿಕೊಂಡ ಉತ್ತರಕುಮಾರ ಕೌರವ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಬೆನ್ನಟ್ಟಿ ಹಿಡಿಯುತ್ತಾಳೆ. ನಾವು ಹೊಟ್ಟೆತುಂಬ ನಗುತ್ತೇವೆ. ಆದರೆ ಆ ನಗೆಯ ಹಿಂದೆ ತುರುಗಳನ್ನು ಕಳೆದುಕೊಂಡ ನಾಡಿದೆ, ವೇಷ ಮರೆಸಿಕೊಂಡ ಪಾಂಡವರ ಅಜ್ಞಾತವಾಸವಿದೆ. ಉತ್ತರನ ಹೇಡಿತನವೇ ಅರ್ಜುನನ ಮರಳುವಿಕೆಗೆ ದಾರಿಯಾಗುತ್ತದೆ. ಮುಂದೆ, ಗೆಲುವು ಮಗನದೆಂದು ಹಿಗ್ಗಿದ ವಿರಾಟ, ಬೃಹನ್ನಳೆಯನ್ನು ಹೊಗಳಿದ ಕಂಕನ ಮುಖಕ್ಕೆ ಪಗಡೆಯ ದಾಳದಿಂದ ಹೊಡೆಯುತ್ತಾನೆ. ರಕ್ತ ಸುರಿಯುತ್ತದೆ. ನಾವು ನಕ್ಕ ಹುಸಿ ಪೌರುಷಕ್ಕೆ ಧರ್ಮರಾಯ ತನ್ನ ರಕ್ತದಿಂದ ಬೆಲೆ ತೆರುತ್ತಾನೆ. ಕವಿ ನಮ್ಮನ್ನು ನಗಿಸಿ ಮರೆಯಲಿಲ್ಲ, ಲೆಕ್ಕ ಒಪ್ಪಿಸಿದ.

ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಶಾಲೆ ಕಲಿತವನಾದ್ದರಿಂದ ಇನ್ನೊಂದು ಮಾತು. ಮರಾಠಿಯಲ್ಲಿ ‘ವಿನೋದ’ ಎಂಬ ಪದಕ್ಕೂ ‘ಥಟ್ಟಾ’ ಎಂಬ ಪದಕ್ಕೂ ವ್ಯತ್ಯಾಸವಿದೆ. ಥಟ್ಟಾ ಎಂದರೆ ಗೇಲಿ, ಆ ಕ್ಷಣಕ್ಕೆ ಮುಗಿಯುವಂಥದು. ವಿನೋದಕ್ಕೆ ಬಾಳಿನ ಅರಿವು ಬೇಕು. ಪು. ಲ. ದೇಶಪಾಂಡೆ ಅವರ ‘ವ್ಯಕ್ತಿ ಆಣಿ ವಲ್ಲೀ’ (1962) ಓದಿದವರಿಗೆ ರತ್ನಾಗಿರಿಯ ಅಂತೂ ಬರ್ವಾ ಗೊತ್ತು. ಎಲ್ಲವನ್ನೂ ಕೊಂಕಿನಿಂದ ಆಡಿ ನಗಿಸುವ ಆ ಮುದುಕ ಊರಿಗೆ ವಿದ್ಯುದ್ದೀಪ ಬರುವಾಗಲೂ ಕೊಂಕು ನುಡಿಯುತ್ತಾನೆ. ಬೆಳಕು ಬಂದರೆ ಕಾಣುವುದು ತನ್ನ ದಾರಿದ್ರ್ಯವೇ ಎಂಬ ಸಂಕಟ ಆ ಕೊಂಕಿನಲ್ಲಿದೆ. ಓದುಗ ನಕ್ಕ ಬಾಯಿಯನ್ನು ಮುಚ್ಚಿಕೊಳ್ಳುತ್ತಾನೆ. ಅಲ್ಲಿ ನಗೆಯೇ ದುಃಖವನ್ನು ಕೈಹಿಡಿದು ಒಳಗೆ ಕರೆತರುತ್ತದೆ.

ವೈಟೀಟಿ ಅವರಿಗೆ ಈ ವಿದ್ಯೆ ಗೊತ್ತಿಲ್ಲವೆನ್ನುವಂತೆಯೂ ಇಲ್ಲ. ಈ ಎರಡು ಚಿತ್ರಗಳ ನಡುವೆ, 2019ರಲ್ಲಿ, ಅವರು ‘ಜೋಜೋ ರ್‍ಯಾಬಿಟ್’ ಮಾಡಿದರು. ಅದರ ಚಿತ್ರಕಥೆಗೆ ಆಸ್ಕರ್ ಬಂದಿತು. ನಾಜಿ ಜರ್ಮನಿಯ ಹತ್ತು ವರ್ಷದ ಬಾಲಕನಿಗೆ ಹಿಟ್ಲರನೇ ಕಲ್ಪನೆಯ ಗೆಳೆಯ. ಚಿತ್ರ ಉದ್ದಕ್ಕೂ ನಗಿಸುತ್ತದೆ. ಹುಡುಗನಿಗೆ ಬೂಟಿನ ಲಾಡಿ ಕಟ್ಟಿಕೊಳ್ಳಲು ಬರುವುದಿಲ್ಲ, ತಾಯಿ ಕಟ್ಟುತ್ತಾಳೆ. ಒಂದು ದಿನ ಚಿಟ್ಟೆಯ ಹಿಂದೆ ಹೋದ ಅವನ ಕಣ್ಣಿನ ಮಟ್ಟಕ್ಕೆ ತಾಯಿಯ ಬೂಟುಗಳು ನೇತಾಡುತ್ತಿರುತ್ತವೆ. ಅವಳನ್ನು ಗಲ್ಲಿಗೇರಿಸಿದ್ದಾರೆ. ಹುಡುಗ ಆ ಬೂಟಿನ ಲಾಡಿ ಕಟ್ಟಲು ನೋಡುತ್ತಾನೆ, ಬರುವುದಿಲ್ಲ. ಅಲ್ಲಿ ಯಾರೂ ಚಟಾಕಿ ಹಾರಿಸುವುದಿಲ್ಲ. ಅಷ್ಟು ಹೊತ್ತು ನಗಿಸಿದ ಲಾಡಿಯೇ ಈಗ ಅಳಿಸುತ್ತದೆ. ಮೂರು ವರ್ಷಗಳ ಅನಂತರ ಅದೇ ನಿರ್ದೇಶಕ ಅಂಥ ಮೌನಕ್ಕೆ ಒಂದು ನಿಮಿಷವನ್ನೂ ಬಿಡದಾದರು. ಒಮ್ಮೆ ಜನ ನಕ್ಕಿದ್ದಾರೆ, ಮತ್ತೆ ಅದನ್ನೇ ಇನ್ನಷ್ಟು ಕೊಡಬೇಕು ಎಂಬ ಉತ್ತರಭಾಗಗಳ ಶಾಪ ಇದು. ಹಾಸ್ಯ ಗೆದ್ದದ್ದನ್ನು ಎಲ್ಲರೂ ಕಂಡರು. ಆ ಹಾಸ್ಯ ಯಾವುದರ ಮೇಲೆ ನಿಂತಿತ್ತೆಂಬುದನ್ನು ಯಾರೂ ವಿಚಾರಿಸಲಿಲ್ಲ.

ಮಕ್ಕಳ ಚಿತ್ರಕ್ಕೆ ಇಷ್ಟೊಂದು ಮೀಮಾಂಸೆ ಏಕೆ, ಸೋಂಕಿನ ವರ್ಷಗಳಲ್ಲಿ ನೊಂದ ಜನ ಎರಡು ಗಂಟೆ ನಕ್ಕು ಬರಲಿ ಎಂದು ನಿಮ್ಮಲ್ಲಿ ಕೆಲವರು ವಾದಿಸಬಹುದು. ಈ ವಾದವನ್ನು ಹಗುರವಾಗಿ ತಳ್ಳಲಾರೆ. ನಗುವ ಹಕ್ಕು ನೊಂದವರಿಗೇ ಹೆಚ್ಚು. ಆದರೆ ಮಕ್ಕಳು ದುಃಖವನ್ನು ತಾಳಲಾರರೆಂಬುದು ದೊಡ್ಡವರ ಕಲ್ಪನೆ. ಪುಣ್ಯಕೋಟಿ ಕರುವಿಗೆ ವಿದಾಯ ಹೇಳುವ ಹಾಡನ್ನು ಕನ್ನಡದ ಮಕ್ಕಳು ತಲೆಮಾರುಗಳಿಂದ ಕೇಳಿದ್ದಾರೆ, ಅತ್ತಿದ್ದಾರೆ, ಮತ್ತೆ ಹೇಳೆಂದು ಕಾಡಿದ್ದಾರೆ. ನೊಂದವರಿಗೆ ಬೇಕಾದದ್ದು ತಮ್ಮ ನೋವನ್ನು ಗುರುತಿಸುವ ನಗೆ. ಕ್ಯಾನ್ಸರ್ ಕಂಡ ಮನೆಯವರು ಜೇನಳ ಕಥೆಯನ್ನು ನೋಡಲು ಕೂತರೆ, ಅವರ ಪಕ್ಕದಲ್ಲಿ ಒಂದು ಗಳಿಗೆ ಸುಮ್ಮನೆ ಕೂರುವ ಸೌಜನ್ಯ ಚಿತ್ರಕ್ಕೆ ಇರಬೇಕು.

ಈ ಮಾತು ಸಿನಿಮಾದ ಆಚೆಗೂ ಸಲ್ಲುತ್ತದೆಂದೇ ನಾನು ಇಷ್ಟು ಬರೆದೆ. ತರಗತಿಯಲ್ಲಿ ‘ಹರಿಶ್ಚಂದ್ರಕಾವ್ಯ’ದ ಚಂದ್ರಮತಿ ಸತ್ತ ಲೋಹಿತಾಶ್ವನನ್ನು ಕಂಡು ಗೋಳಿಡುವ ಭಾಗ ಬಂದಾಗ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು, ಒಂದು ಕಿಸಕ್ಕೆನ್ನುವ ಸದ್ದು ಬರುವುದುಂಟು. ಅದು ದುಷ್ಟತನವೆಂದು ನನಗನಿಸುವುದಿಲ್ಲ. ಎದೆಗೆ ಏನೋ ತಟ್ಟುತ್ತಿದೆ, ಅದನ್ನು ಹೇಗೆ ಹೊರಬೇಕೋ ತಿಳಿಯದು, ಆದ್ದರಿಂದ ನಗೆ. ಈ ಸಂಕೋಚವನ್ನೇ ಬಂಡವಾಳ ಮಾಡಿಕೊಂಡ ಕಲೆ ನಮ್ಮನ್ನು ಅಲ್ಲಿಯೇ ನಿಲ್ಲಿಸುತ್ತದೆ. ಸಾಹಿತ್ಯದ ವಿದ್ಯಾರ್ಥಿ ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಬೇಕು. ಮಗನನ್ನು ಕಳೆದುಕೊಂಡ ಚಂದ್ರಮತಿಯ ಎದುರು, ಮಗಳನ್ನು ಕಳೆದುಕೊಂಡ ಗೋರ್‌ನ ಎದುರು ನಗೆಯ ಆಸರೆಯಿಲ್ಲದೆ ನಿಲ್ಲಲು ಕಲಿಯುವುದೂ ನಿಮ್ಮ ಪದವಿಯ ಭಾಗವೇ.

ರಸದೋಷಗಳ ಪಾಠ ಈ ಸತ್ರದಲ್ಲಿ ಬರಲಿದೆ. ಅಷ್ಟರೊಳಗೆ ಸಾಧ್ಯವಾದರೆ ‘ರಾಗ್ನರಾಕ್’, ‘ಲವ್ ಅಂಡ್ ಥಂಡರ್’ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಪ್ರತಿಯೊಂದು ನಗೆಯ ದೃಶ್ಯ ಮುಗಿದಾಗ ಆ ನಗೆಗೆ ಮೊದಲು ಪರದೆಯ ಮೇಲೆ ಏನಿತ್ತು, ಆಮೇಲೆ ಅದು ಎಲ್ಲಿ ಹೋಯಿತು ಎಂದು ಬರೆದುಕೊಳ್ಳಿ. ಬಳಿಕ ವಿರಾಟಪರ್ವದ ಉತ್ತರನ ಪ್ರಸಂಗವನ್ನು ಅದೇ ಬಗೆಯಲ್ಲಿ ಓದಿ. ನಿಮ್ಮ ಟಿಪ್ಪಣಿಗಳನ್ನು ತರಗತಿಗೆ ತನ್ನಿ. ನನ್ನ ಅಭಿಪ್ರಾಯವನ್ನು ಒಪ್ಪದವರು ಮೊದಲು ಮಾತಾಡಲಿ.